ಹಳೇ ಸುಟ್ಟ ಕಲೆಯ ಮೇಲೆ ವಾಸಿಯಾಗದ ಹುಣ್ಣು: ಶಿವಮೊಗ್ಗದಲ್ಲೇ ಆಗುತ್ತಾ, ಬೆಂಗಳೂರಿಗೇ ಹೋಗಬೇಕಾ? ದುಡ್ಡಿನ ದಾರಿ ಹೇಗೆ?

ತುಂಗೆ ದಂಡೆ (ತೀರ್ಥಹಳ್ಳಿ ತಾಲ್ಲೂಕು)

ನಮಸ್ಕಾರ. ನಾನಿಲ್ಲಿ ಅಡಿಕೆ ರೇಟು, ಎಲೆಚುಕ್ಕಿ ರೋಗ ಬಿಟ್ಟು ಬೇರೆ ಏನೂ ಬರೆದವನಲ್ಲ. ಇವತ್ತು ಮನೆಯ ವಿಷಯ.

ನಮ್ಮ ದೊಡ್ಡಪ್ಪನಿಗೆ ಈಗ 63. ಹತ್ತೊಂಬತ್ತನೇ ವಯಸ್ಸಿನಲ್ಲಿ ಅಡಿಕೆ ಬೇಯಿಸುವ ಹಂಡೆ ವಾಲಿ, ಕುದಿಯುವ ಚೊಗರು (ಅಡಿಕೆ ಬೇಯಿಸಿದ ನೀರು) ಎಡಗಾಲಿನ ಮೇಲೆ ಚೆಲ್ಲಿತ್ತಂತೆ. ಮೊಣಕಾಲಿನ ಕೆಳಗಿನಿಂದ ಪಾದದ ಗಂಟಿನವರೆಗೆ ಚರ್ಮ ಬೆಂಕಿಯಲ್ಲಿ ಬಾಡಿಸಿದ ಬಾಳೆಲೆ ಹಾಗಿದೆ. ನಾವು ಹುಟ್ಟಿದಾಗಿನಿಂದ ಆ ಕಾಲು ನೋಡಿಕೊಂಡೇ ಬೆಳೆದವರು, ಅದರ ಬಗ್ಗೆ ಯಾರಿಗೂ ಯೋಚನೆಯೇ ಇರಲಿಲ್ಲ.

ಮಳೆಗಾಲ ಶುರುವಾಗುವ ಹೊತ್ತಿಗೆ ಆ ಕಲೆಯ ಮೇಲೆ ಒಂದು ಗಾಯ ಆಯಿತು. ಉಂಬಳ (ಜಿಗಣೆ) ಕಚ್ಚಿದ್ದಿರಬೇಕು ಅಂದುಕೊಂಡೆವು. ಅರಿಶಿನ, ಕೊಬ್ಬರಿ ಎಣ್ಣೆ ಆಯಿತು. ಮೆಡಿಕಲ್ ಶಾಪಿನ ಮುಲಾಮು ಎರಡು ಟ್ಯೂಬ್ ಆಯಿತು. ಆಮೇಲೆ ಒಬ್ಬರು ನಾಟಿ ವೈದ್ಯರ ಹತ್ತಿರ ಮೂರು ತಿಂಗಳು ಲೇಪ, 6,500 ರೂಪಾಯಿ. ಈಗ ಗಾಯ ಒಂದು ಹೋಳಿಗೆಯ ಅರ್ಧದಷ್ಟಿದೆ. ಸುತ್ತ ಅಂಚು ಗಟ್ಟಿಯಾಗಿ ಗದ್ದೆಯ ಬದುವಿನ ಹಾಗೆ ಎದ್ದು ನಿಂತಿದೆ. ಮಧ್ಯೆ ಹೂಕೋಸಿನ ಹಾಗೆ ಮಾಂಸ. ವಾಸನೆ ಬರುತ್ತದೆ ಅಂತ ಅವರು ಪಂಚೆಯ ಒಳಗೆ ಬಟ್ಟೆ ಕಟ್ಟಿಕೊಂಡು ಓಡಾಡುತ್ತಿದ್ದರು. ದೊಡ್ಡಮ್ಮ ಬಟ್ಟೆ ಒಗೆಯುವಾಗ ಕಂಡು ನಮಗೆ ಹೇಳಿದರು.

ತೀರ್ಥಹಳ್ಳಿಯಲ್ಲಿ ಡಾಕ್ಟರ್ ನೋಡಿ ಔಷಧಿಯನ್ನೇ ಬರೆಯಲಿಲ್ಲ. "ಹಳೇ ಸುಟ್ಟ ಕಲೆಯಲ್ಲಿ ಚರ್ಮದ ಕ್ಯಾನ್ಸರ್ ಬರುವುದುಂಟು, ಮೊದಲು ಬಯಾಪ್ಸಿ ಮಾಡಿಸಿ" ಅಂದರು.

ಬಯಾಪ್ಸಿ ಎಲ್ಲಿ ಮಾಡಿಸುವುದು? ಮುಂದಿನದ್ದು ಎಲ್ಲಿ? ರೇಷನ್ ಕಾರ್ಡ್ ಎಪಿಎಲ್. ಮಗ ಬೆಂಗಳೂರಿನಲ್ಲಿ ಟ್ಯಾಕ್ಸ್ ಕಟ್ಟುತ್ತಾನೆ, ಹೆಸರು ಅದೇ ಕಾರ್ಡಿನಲ್ಲಿದೆ. ತೋಟ ಎರಡು ಎಕರೆ. ಎಲ್ಲಕ್ಕಿಂತ ದೊಡ್ಡ ತಲೆನೋವು, ದೊಡ್ಡಪ್ಪ "ಕೊಯ್ಲು ಮುಗಿಯಲಿ, ಆಮೇಲೆ ನೋಡೋಣ" ಅಂತ ಕೂತಿದ್ದಾರೆ. ಕೊಯ್ಲು ಮುಗಿಯಲು ಇನ್ನೂ ಎರಡು ತಿಂಗಳಿದೆ.

ನೆಲಮಾಳಿಗೆ (ಶಿಕಾರಿಪುರ)

ಕೊಯ್ಲಿಗೆ ಕಾಯಬೇಡಿ ಮಾರಾಯ್ರೆ. ಗೊತ್ತಿರುವವರು ಬಂದು ಬರೆಯುತ್ತಾರೆ, ಈ ಚರ್ಚೆಯನ್ನು ಮೇಲೆ ಇಟ್ಟಿರೋಣ.

ಹಳೇ ಸಿಸ್ಟರ್ (ಭದ್ರಾವತಿ)

ನಾನು ನಿವೃತ್ತ ನರ್ಸ್. ಸರ್ಜರಿ ವಾರ್ಡಿನಲ್ಲಿ ಬಹಳ ವರ್ಷ ಇದ್ದೆ. ನೀವು ಬರೆದ ಗಾಯ ಕಣ್ಣಿಗೆ ಕಟ್ಟಿತು, ಅಂಥದ್ದನ್ನು ಕಂಡಿದ್ದೇನೆ.

ಇದಕ್ಕೆ ಮಾರ್ಜೊಲಿನ್ ಹುಣ್ಣು ಅಂತ ಹೆಸರು. 1828ರಲ್ಲಿ ಇಂಥ ಹುಣ್ಣಿನ ಬಗ್ಗೆ ಬರೆದ ಫ್ರಾನ್ಸಿನ ಸರ್ಜನ್ ಒಬ್ಬರ ಹೆಸರು ಅದು. ಸುಟ್ಟ ಕಲೆಯ ಚರ್ಮಕ್ಕೆ ರಕ್ತ ಓಡಾಟ ಕಡಿಮೆ. ಸ್ವಲ್ಪ ತಾಗಿದರೂ ಒಡೆಯುತ್ತದೆ, ಮಾಯುತ್ತದೆ, ಮತ್ತೆ ಒಡೆಯುತ್ತದೆ. ಹೀಗೆ ಇಪ್ಪತ್ತು, ಮೂವತ್ತು, ನಲವತ್ತು ವರ್ಷ ಕಳೆದ ಮೇಲೆ ಕೆಲವರಲ್ಲಿ ಅಲ್ಲಿ ಕ್ಯಾನ್ಸರ್ ಹುಟ್ಟುತ್ತದೆ. ಸಾಮಾನ್ಯವಾಗಿ ಸ್ಕ್ವಾಮಸ್ ಸೆಲ್ ಅನ್ನುವ ಜಾತಿ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರಿಗಿಂತ ಇದು ಸ್ವಲ್ಪ ಜೋರು. ತೊಡೆಸಂದಿನ ಗಡ್ಡೆಗಳಿಗೆ (ದುಗ್ಧಗ್ರಂಥಿಗಳಿಗೆ) ಹರಡುವ ಸ್ವಭಾವ ಇದಕ್ಕೆ ಜಾಸ್ತಿ. ಆದ್ದರಿಂದ ಎರಡು ತಿಂಗಳು ಅನ್ನುವುದು ಸಣ್ಣ ಮಾತಲ್ಲ.

ಬಯಾಪ್ಸಿಗೆ ಬೆಂಗಳೂರು ಬೇಡ. ಶಿವಮೊಗ್ಗದ ಮೆಗ್ಗಾನ್ ಈಗ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ. ಚರ್ಮರೋಗ ವಿಭಾಗ ಇದೆ, ಸರ್ಜರಿ ಇದೆ, ಪೆಥಾಲಜಿ ಇದೆ. ಬೆಳಿಗ್ಗೆ ಬೇಗ ಹೋಗಿ ಓಪಿಡಿ ಚೀಟಿ ಮಾಡಿಸಿ. ಗಾಯದ ಸುತ್ತ ಇಂಜೆಕ್ಷನ್ ಕೊಟ್ಟು ಮರಗಟ್ಟಿಸಿ, ಅಂಚಿನಿಂದ ಸ್ವಲ್ಪ ಒಳ್ಳೆ ಚರ್ಮವೂ ಸೇರುವ ಹಾಗೆ ಒಂದು ಚೂರು ತೆಗೆಯುತ್ತಾರೆ. ನಡುವಿನಿಂದ ತೆಗೆದರೆ ಸತ್ತ ಮಾಂಸವೇ ಸಿಕ್ಕಿ ರಿಪೋರ್ಟ್ ಸರಿಯಾಗಿ ಬಾರದೆ ಹೋಗಬಹುದು.

"ಕತ್ತಿ ತಾಗಿಸಿದರೆ ಹರಡುತ್ತದೆ" ಅಂತ ಮನೆಯಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಹರಡುವುದು ಬಿಟ್ಟು ಕೂತರೆ, ಬಯಾಪ್ಸಿ ಮಾಡಿಸಿದ್ದಕ್ಕಲ್ಲ.

ಇನ್ನೊಂದು. ರಿಪೋರ್ಟ್ ಕಾಗದ ಮಾತ್ರ ತಂದು ಸುಮ್ನಾಗಬೇಡಿ. ತೆಗೆದ ಚೂರಿನ ಸ್ಲೈಡು ಮತ್ತು ಮೇಣದ ಬ್ಲಾಕ್ ಕೇಳಿ ಇಸಿದುಕೊಳ್ಳಿ. ಮುಂದೆ ಎಲ್ಲಿ ಹೋದರೂ ಅವರು ಅದನ್ನೇ ಮತ್ತೆ ನೋಡುತ್ತಾರೆ. ಅದಿಲ್ಲದಿದ್ದರೆ ಪುನಃ ಬಯಾಪ್ಸಿ, ಪುನಃ ಹತ್ತು ದಿನ.

ಬೋರ್ಡೋ ಬಕೆಟ್ (ಹೊಸನಗರ)

ನನ್ನ ಲೆಕ್ಕದಲ್ಲಿ ಇದೆಲ್ಲ ತೋಟಕ್ಕೆ ಔಷಧಿ ಹೊಡೆದು ಹೊಡೆದು ಬಂದಿದ್ದು. ಮೈಲುತುತ್ತ ಮೈಮೇಲೆ ಸುರಿಸಿಕೊಂಡು ಎಷ್ಟು ಮಳೆಗಾಲ ಕಳೆದಿದ್ದೇವೆ ನಾವು!

ಹಳೇ ಸಿಸ್ಟರ್ (ಭದ್ರಾವತಿ)

ಮೈಲುತುತ್ತ ಚರ್ಮ ಸುಡುತ್ತದೆ, ಉರಿ, ತುರಿಕೆ ಬರುತ್ತದೆ, ಕಣ್ಣಿಗೂ ಕೆಟ್ಟದ್ದು. ಕೈಗವಸು ಹಾಕಿಕೊಳ್ಳಿ, ಅದು ಬೇರೆ ಮಾತು. ಆದರೆ ಚರ್ಮದ ಕ್ಯಾನ್ಸರಿಗೆ ಕಾರಣ ಅಂತ ಗಟ್ಟಿಯಾಗಿ ಗೊತ್ತಿರುವ ವಿಷಗಳಲ್ಲಿ ಒಂದು ಆರ್ಸೆನಿಕ್, ಬಂಗಾಳದ ಕಡೆ ಬೋರ್‌ವೆಲ್ ನೀರಿನಲ್ಲಿ ಇರುವಂಥದ್ದು. ಇವರ ದೊಡ್ಡಪ್ಪನ ಕೇಸಿನಲ್ಲಿ ಕಲೆಯೇ ಕಣ್ಣೆದುರಿಗಿದೆಯಲ್ಲ. ಕಾಶ್ಮೀರದಲ್ಲಿ ಚಳಿಗೆ ಕಾಂಗ್ರಿ ಅನ್ನುವ ಕೆಂಡದ ಮಡಕೆ ಮಡಿಲಲ್ಲಿ ಇಟ್ಟುಕೊಳ್ಳುವವರಿಗೆ ಹೊಟ್ಟೆ, ತೊಡೆಯ ಚರ್ಮದ ಮೇಲೆ ಹೀಗೇ ಆಗುತ್ತದೆ. ಅಲ್ಲಿ ಕಾಂಗ್ರಿ, ನಮ್ಮಲ್ಲಿ ಹಂಡೆ.

ಮೆಟ್ಟುಗತ್ತಿ (ಸಾಗರ)

ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

ನಮ್ಮ ಅಮ್ಮ ಅಡಿಕೆ ಸುಲಿಯುವುದರಲ್ಲಿ ಎತ್ತಿದ ಕೈ. ಸುಗ್ಗಿಯಲ್ಲಿ ಸುಲಿಯುವವರ ಬೆರಳು, ಉಗುರು ಚೊಗರಿನಿಂದ ಕಪ್ಪಾಗುವುದು ನಿಮಗೆಲ್ಲ ಗೊತ್ತು. ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗುವುದಿಲ್ಲ. ಯುಗಾದಿ ಹೊತ್ತಿಗೆ ಉಗುರು ಬೆಳೆದು ತಾನಾಗಿಯೇ ಹೋಗುತ್ತದೆ. ಅಮ್ಮನ ಎಡಗೈ ಹೆಬ್ಬೆರಳಿನ ಉಗುರಿನಲ್ಲಿ ಮಾತ್ರ ಒಂದು ಕಪ್ಪು ಗೆರೆ ಯುಗಾದಿಗೂ ಹೋಗಲಿಲ್ಲ, ಗಣೇಶ ಹಬ್ಬಕ್ಕೂ ಹೋಗಲಿಲ್ಲ. ಗೆರೆ ಅಗಲ ಆಯಿತು. ಆಮೇಲೆ ಉಗುರಿನ ಬುಡದ ಚರ್ಮಕ್ಕೂ ಕಪ್ಪು ಹತ್ತಿತು. ನಾನೇ ತಮಾಷೆ ಮಾಡಿದ್ದೆ, "ಈ ವರ್ಷದ ಕಲೆ ಮುಂದಿನ ವರ್ಷಕ್ಕೂ ಉಳಿಸಿಕೊಂಡಿದ್ದೀಯಾ?" ಅಂತ.

ಅದು ಮೆಲನೋಮ, ಚರ್ಮದ ಕ್ಯಾನ್ಸರಿನ ಇನ್ನೊಂದು ಜಾತಿ. ನಮ್ಮ ಬಣ್ಣದವರಿಗೆ ಮೆಲನೋಮ ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಕೆಳಗೆ ಅಂತ ಆಮೇಲೆ ತಿಳಿಯಿತು. ಹೆಬ್ಬೆರಳಿನ ಅರ್ಧ ತೆಗೆದರು. ಒಂದು ವರ್ಷದಲ್ಲಿ ಕಂಕುಳಿಗೆ ಬಂತು. ಇಮ್ಯುನೋಥೆರಪಿ ಅಂತ ಇಂಜೆಕ್ಷನ್ ಹೇಳಿದರು, ಒಂದೊಂದು ಸಲಕ್ಕೆ ಲಕ್ಷದ ಮೇಲೆ. ಅದೂ ಎಷ್ಟು ಸಲ ಅಂತ ಇಲ್ಲ. ನಾಲ್ಕು ಕೊಡಿಸಿದೆವು. ಅಷ್ಟರಲ್ಲಿ ಅಮ್ಮನೇ ಸಾಕು ಅಂದರು.

ನಿಮ್ಮ ದೊಡ್ಡಪ್ಪನದ್ದು ಆ ಜಾತಿಯಲ್ಲ, ಹೆದರಿಸಲು ಬರೆದಿದ್ದಲ್ಲ. ಅಂಗಾಲಿನಲ್ಲಿ "ಆಣಿ", ಉಗುರಿನಲ್ಲಿ "ಚೊಗರು" ಅಂತ ಬಿಟ್ಟವರು ಈ ಕಡೆ ಇನ್ನೂ ಇರುತ್ತಾರೆ, ಒಮ್ಮೆ ಬೆಳಕಿಗೆ ಹಿಡಿದು ನೋಡಿಕೊಳ್ಳಲಿ ಅಂತ.

ತುಂಗೆ ದಂಡೆ

ಅಕ್ಕಾ, ನೀವು ಬರೆದದ್ದನ್ನು ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ದೊಡ್ಡಪ್ಪನಿಗೆ ಏನು ಹೇಳಿದರೋ ಗೊತ್ತಿಲ್ಲ, ನಾಳೆ ಮೆಗ್ಗಾನ್‌ಗೆ ಹೊರಟಿದ್ದಾರೆ.

ಮೂರನೇ ಟೇಬಲ್ (ಶಿವಮೊಗ್ಗ)

ಒಳ್ಳೆಯದಾಯಿತು. ದುಡ್ಡಿನ ವಿಷಯ ನಾನು ಬರೆಯುತ್ತೇನೆ. ಈ ಫೈಲುಗಳ ನಡುವೆಯೇ ನನ್ನ ಹೊಟ್ಟೆಪಾಡು.

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಅಂತ 2018ರಿಂದ ಇದೆ. ಬಿಪಿಎಲ್ ಆದರೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ಗೆ ಏನೂ ಇಲ್ಲ ಅಂತ ಜನ ತಿಳಿದುಕೊಂಡಿದ್ದಾರೆ, ಅದು ತಪ್ಪು. ಎಪಿಎಲ್‌ನವರಿಗೆ ಪ್ಯಾಕೇಜ್ ದರದಲ್ಲಿ 30 ಭಾಗ ಸರ್ಕಾರದ್ದು, 70 ನಿಮ್ಮದು. ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ. ಲಾಭ ಇರುವುದು ಆ 30ರಲ್ಲಿ ಮಾತ್ರವಲ್ಲ. ನಿಮ್ಮ 70 ಭಾಗವೂ ಸರ್ಕಾರ ಗೊತ್ತುಮಾಡಿದ ಪ್ಯಾಕೇಜ್ ದರದ ಮೇಲೆ, ಆಸ್ಪತ್ರೆಯ ಮನಸ್ಸಿಗೆ ಬಂದ ದರದ ಮೇಲಲ್ಲ.

ಜನ ಎಡವುವುದು ಇಲ್ಲಿ: ಇದು ನಗದುರಹಿತ ಯೋಜನೆ. ಮೊದಲು ಅನುಮೋದನೆ, ಆಮೇಲೆ ಚಿಕಿತ್ಸೆ. ಕೈಯಿಂದ ಕಟ್ಟಿ, ಬಿಲ್ ಹಿಡಿದುಕೊಂಡು ಬಂದರೆ ವಾಪಸ್ ಸಿಗುವುದಿಲ್ಲ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು, ತುರ್ತು ಇದ್ದರೆ ಮಾತ್ರ ಬೇಡ. ಆದ್ದರಿಂದ ಮೆಗ್ಗಾನ್‌ನಲ್ಲಿ ಬಯಾಪ್ಸಿ ಮಾಡಿಸುವುದರಲ್ಲಿ ಇನ್ನೊಂದು ಅನುಕೂಲ ಇದೆ, ರಿಪೋರ್ಟ್ ಬಂದ ಜಾಗದಲ್ಲೇ ಚೀಟಿಯೂ ಆಗುತ್ತದೆ. ಯಾವ ಆಸ್ಪತ್ರೆಗೆ ಹೋದರೂ ಬಿಲ್ಲಿಂಗ್ ಕೌಂಟರ್‌ಗೆ ಮೊದಲು ಹೋಗಬೇಡಿ, ಈ ಯೋಜನೆಯ ಸಹಾಯಕ್ಕೆಂದೇ ಇರುವ "ಆರೋಗ್ಯ ಮಿತ್ರ" ಎಲ್ಲಿ ಕೂರುತ್ತಾರೆ ಅಂತ ಕೇಳಿ. ರೇಷನ್ ಕಾರ್ಡ್, ಆಧಾರ್ ಎರಡೂ ಒರಿಜಿನಲ್ ಇರಲಿ.

ಕಾರ್ಡನ್ನು ಬಿಪಿಎಲ್ ಮಾಡಿಸಿಕೊಂಡು ಆಮೇಲೆ ಹೋಗೋಣ ಅಂತ ಕೂರಬೇಡಿ. ಆ ಅರ್ಜಿ ಯಾವಾಗ ಕದಲುತ್ತದೆ ಅಂತ ಮೂರನೇ ಟೇಬಲ್ಲಿನಲ್ಲಿ ಕೂತ ನಾನೇ ಹೇಳಲಾರೆ.

ದೊಡ್ಡಪ್ಪ ಸೊಸೈಟಿ ಮೆಂಬರಾ? ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಯೋಜನೆ ಯಶಸ್ವಿನಿ ಮಾಡಿಸಿದ್ದಾರಾ ನೋಡಿ. 2018ರಲ್ಲಿ ನಿಂತಿದ್ದು ಮತ್ತೆ ಶುರುವಾಗಿ, 2023ರ ಜನವರಿಯಿಂದ ನಡೆಯುತ್ತಿದೆ. ಹಳ್ಳಿಯವರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ. ಪಟ್ಟಿಯಲ್ಲಿರುವ ಶಸ್ತ್ರಚಿಕಿತ್ಸೆಗೆ ನಡೆಯುತ್ತದೆ. ರೇಡಿಯೇಶನ್ ಬೇಕಾದರೆ ಅದು ಪಟ್ಟಿಯಲ್ಲಿದೆಯಾ ಅಂತ ಮೊದಲೇ ಕೇಳಿಕೊಳ್ಳಿ.

ಕಾಫಿ ಕಣ (ಕೊಪ್ಪ)

ಮೇಲಿನವರು ಹೇಳಿದ "ಮೊದಲು ಅನುಮೋದನೆ" ಅನ್ನುವುದನ್ನು ಕಲ್ಲಿನ ಮೇಲೆ ಕೆತ್ತಿಸಬೇಕು. ನಮ್ಮ ಭಾವನ ಮೂಗಿನ ಪಕ್ಕ ಒಂದು ಮುತ್ತಿನ ಹಾಗಿದ್ದ ಗುಳ್ಳೆ. ಬೇಸಲ್ ಸೆಲ್ ಅಂದರು, ಅದೂ ಚರ್ಮದ ಕ್ಯಾನ್ಸರೇ, ಆದರೆ ನಿಧಾನದ್ದು, ಹರಡುವುದು ತೀರಾ ಅಪರೂಪ. ಅವಸರ ಇರಲೇ ಇಲ್ಲ. ಆದರೂ "ಕ್ಯಾನ್ಸರ್" ಅಂದ ಕೂಡಲೇ ಮನೆಯವರೆಲ್ಲ ಸೇರಿ ಒಂದು ದೊಡ್ಡ ಆಸ್ಪತ್ರೆಗೆ ಟ್ಯಾಕ್ಸಿ ಮಾಡಿಕೊಂಡು ಹೋದೆವು. ಕೌಂಟರಿನಲ್ಲಿ 40,000 ಮುಂಗಡ ಕಟ್ಟಿಸಿಕೊಂಡರು. ಬಿಪಿಎಲ್ ಕಾರ್ಡ್ ನಮ್ಮ ಜೇಬಿನಲ್ಲೇ ಇತ್ತು! ಮೂರನೇ ದಿನ ಕಾರ್ಡ್ ತೋರಿಸಿದರೆ, "ಮೊದಲೇ ಹೇಳಬೇಕಿತ್ತು, ರೆಫರಲ್ ಎಲ್ಲಿ?" ಅಂದರು. ಯಾರ ತಪ್ಪು ಅಂತ ಹೇಳೋಣ? ನಾವು ಕೇಳಲಿಲ್ಲ, ಅವರು ಹೇಳಲಿಲ್ಲ.

ತೀರ್ಥಹಳ್ಳಿ ಕಡೆಯವರಿಗೆ ಆಗುಂಬೆ ಘಾಟಿ ಇಳಿದರೆ ಮಣಿಪಾಲ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಬೆಳಿಗ್ಗೆ ಹೋಗಿ ರಾತ್ರಿ ಮನೆಗೆ ಬರಬಹುದು. ಪದೇ ಪದೇ ಡ್ರೆಸಿಂಗ್ ಇರುವ ಕೇಸಿಗೆ ಅದನ್ನೂ ಯೋಚಿಸಿ.

ತುಂಗೆ ದಂಡೆ

ರಿಪೋರ್ಟ್ ಬಂತು. ಒಂಬತ್ತು ದಿನ ಆಯಿತು. ಸ್ಕ್ವಾಮಸ್ ಸೆಲ್ ಕಾರ್ಸಿನೋಮ.

ಎಕ್ಸ್‌ರೇಯಲ್ಲಿ ಎಲುಬಿಗೆ ತಾಗಿದ ಹಾಗೆ ಕಾಣುತ್ತಿಲ್ಲವಂತೆ. ತೊಡೆಸಂದಿನ ಸ್ಕ್ಯಾನ್‌ನಲ್ಲಿ ಒಂದು ಗಡ್ಡೆ ಸ್ವಲ್ಪ ದೊಡ್ಡದಿದೆ. ಸೋಂಕಿನಿಂದಲೂ ಹಾಗಾಗಬಹುದು, ಸೂಜಿ ಹಾಕಿ ನೋಡಬೇಕು ಅಂದಿದ್ದಾರೆ. ದೊಡ್ಡಪ್ಪ ಕೇಳಿದ ಮೊದಲ ಪ್ರಶ್ನೆ "ಕಾಲು ತೆಗೀತಾರಾ?" ಡಾಕ್ಟರ್, "ಎಲುಬಿಗೆ ಹೋಗಿಲ್ಲ ಅಂದರೆ ಕಾಲು ಉಳಿಸಲು ನೋಡುತ್ತಾರೆ" ಅಂದರು. ಎರಡನೇ ಪ್ರಶ್ನೆ, "ಹಾಗಾದರೆ ಕೊಯ್ಲು ಮುಗಿಸಿ ಬರಬಹುದಲ್ವಾ?" ಡಾಕ್ಟರ್ ಪೆನ್ನು ಕೆಳಗಿಟ್ಟು ನಕ್ಕರು, ಪಾಪ.

ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವುದು ಅಂತ ಮಾತಾಗಿದೆ. ಯಾರಾದರೂ ಹೋಗಿ ಬಂದವರು ಇದ್ದೀರಾ?

ಹಿತೈಷಿ 108

ಸರ್, ಆಪರೇಷನ್ ಇಲ್ಲದೆ 41 ದಿನದಲ್ಲಿ ಗುಣ ಮಾಡುವವರು ಗೊತ್ತು. ಕರಿ ಲೇಪ ಹಚ್ಚಿದರೆ ಗಡ್ಡೆ ಬೇರು ಸಮೇತ ಕಳಚಿ ಬೀಳುತ್ತದೆ. ನಂಬರ್ ಇನ್‌ಬಾಕ್ಸ್ ಮಾಡಲಾ?

ನಿರ್ವಾಹಕ

ಬೇಡ. ಮೇಲಿನ ಖಾತೆಯನ್ನು ತೆಗೆದಿದ್ದೇನೆ. ಬರೆದದ್ದನ್ನು ಮಾತ್ರ ಉಳಿಸಿದ್ದೇನೆ, ಇಂಥ ಸಂದೇಶ ಬಂದರೆ ಗುರುತು ಸಿಗಲಿ ಅಂತ. ಇಂಥ ಲೇಪ ಮೇಲಿನ ಮಾಂಸ ಸುಟ್ಟು ಬೀಳಿಸುತ್ತದೆ, ಒಳಗಿನದ್ದು ಒಳಗೇ ಇರುತ್ತದೆ.

ರಾತ್ರಿ ಗಾಡಿ (ಸಾಗರ)

ಕಿದ್ವಾಯಿಗೆ ಅಪ್ಪನನ್ನು ಕರೆದುಕೊಂಡು ಹನ್ನೊಂದು ಸಲ ಹೋಗಿದ್ದೇನೆ. ಅವರದ್ದು ಬಾಯಿ ಕ್ಯಾನ್ಸರ್, ಆದರೆ ದಾರಿ ಒಂದೇ.

1973ರಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಅದು, ಹೊಸೂರು ರಸ್ತೆಯಲ್ಲಿದೆ. ಸರ್ಕಾರದ್ದಾದ್ದರಿಂದ ನೇರ ಹೋಗಬಹುದು. ರಾಜ್ಯದ ಮೂಲೆ ಮೂಲೆಯ ಜನ ಅಲ್ಲಿರುತ್ತಾರೆ, ಮೊದಲ ದಿನ ನೋಡಿ ನನಗೆ ಕಾಲೇ ಓಡಲಿಲ್ಲ. ರಿಜಿಸ್ಟ್ರೇಷನ್ ಕ್ಯೂಗೆ ಒಬ್ಬರು, ಕಾಯಿಲೆಯವರ ಜೊತೆ ಒಬ್ಬರು ಇರಲೇಬೇಕು. ಕಾಯಿಲೆಯವರೂ ಸೇರಿ ಬರೀ ಇಬ್ಬರು ಹೋದರೆ ಒದ್ದಾಡುತ್ತೀರಿ. ನೀರಿನ ಬಾಟಲಿ, ಮನೆಯ ಅವಲಕ್ಕಿ, ಒಂದು ಚಾಪೆ ತಗೊಂಡು ಹೋಗಿ. ಆವರಣದಲ್ಲಿ ಧರ್ಮಶಾಲೆ ಇದೆ, ಜಾಗ ಸಿಕ್ಕರೆ ಅದೃಷ್ಟ. ಗೇಟಿನ ಹೊರಗೆ "ಬೇಗ ನಂಬರ್ ಕೊಡಿಸ್ತೀನಿ" ಅನ್ನುವವರು ಸಿಗುತ್ತಾರೆ, ಮಾತಾಡಿಸಲೇ ಹೋಗಬೇಡಿ.

ರೈಲಿನ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಅಥವಾ ಚೆಕಪ್‌ಗೆ ಹೋಗಿ ಬರಲು ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ 75 ಭಾಗ ಮಾಫಿ. ಆಸ್ಪತ್ರೆಯಲ್ಲಿ ಡಾಕ್ಟರ್ ಕೈಯಲ್ಲಿ ರೈಲ್ವೆಯ ನಮೂನೆ ಬರೆಸಿ, ಸೀಲ್ ಹಾಕಿಸಿ, ಸ್ಟೇಷನ್ ಕೌಂಟರಿನಲ್ಲಿ ಕೊಡಬೇಕು. ಮೊದಲನೇ ಸಲ ಹೋದಾಗಲೇ ಇದನ್ನು ಕೇಳಿ ಬರೆಸಿಕೊಳ್ಳಿ, ನಾವು ಐದನೇ ಸಲಕ್ಕೆ ಕಲಿತೆವು. ತಾಳಗುಪ್ಪ–ಮೈಸೂರು ರಾತ್ರಿ ಗಾಡಿ ಅನುಕೂಲ. ಮಲಗಿಕೊಂಡು ಹೋದರೆ ಬೆಳಗಾಗುವ ಹೊತ್ತಿಗೆ ಬೆಂಗಳೂರು. ಕಾಲು ನೋವಿನವರಿಗೆ ಲೋವರ್ ಬರ್ತ್ ಕೇಳಿ.

ಮೂರನೇ ಟೇಬಲ್

ಇನ್ನೆರಡು ಸೇರಿಸುತ್ತೇನೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಎಂಎಲ್ಎ ಕಚೇರಿಯ ಮೂಲಕ ಅರ್ಜಿ ಹಾಕಬಹುದು. ಬಿಲ್ಲುಗಳು, ಡಿಸ್ಚಾರ್ಜ್ ಸಮ್ಮರಿ, ಪಾಸ್‌ಬುಕ್ ಜೆರಾಕ್ಸ್ ಬೇಕಾಗುತ್ತದೆ. ಒಂದು ಚೀಟಿಯನ್ನೂ ಎಸೆಯಬೇಡಿ. ಪ್ರಧಾನಿ ಪರಿಹಾರ ನಿಧಿಯದ್ದು ಉಲ್ಟಾ. ಖರ್ಚಾದ ಮೇಲೆ ಕೊಡುವುದಿಲ್ಲ, ಆಸ್ಪತ್ರೆಯ ಅಂದಾಜು ಪಟ್ಟಿ ಇಟ್ಟು ಮೊದಲೇ ಕೇಳಬೇಕು, ದುಡ್ಡು ಆಸ್ಪತ್ರೆಗೇ ಹೋಗುತ್ತದೆ.

ಆ ಬೆಂಗಳೂರಿನ ಮಗ ಹಳೇ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟುತ್ತಿದ್ದು, ತಂದೆ ಅವನನ್ನೇ ನಂಬಿಕೊಂಡಿದ್ದರೆ ಆದಾಯ ತೆರಿಗೆಯಲ್ಲಿ ಒಂದು ಕಡಿತ ಇದೆ, 1961ರ ಕಾಯ್ದೆಯಲ್ಲಿ ಅದಕ್ಕೆ 80ಡಿಡಿಬಿ ಅಂತ ಹೆಸರು. ಹಿರಿಯ ನಾಗರಿಕರ ಕ್ಯಾನ್ಸರ್ ಖರ್ಚನ್ನು 1 ಲಕ್ಷದವರೆಗೆ ಆದಾಯದಲ್ಲಿ ಕಳೆದು ಟ್ಯಾಕ್ಸ್ ಲೆಕ್ಕ ಹಾಕಬಹುದು. ಕಾರ್ಡ್ ಎಪಿಎಲ್ ಆಗಿದ್ದು ಅವನಿಂದ ತಾನೇ, ಅಷ್ಟಾದರೂ ಉಪಯೋಗ ಆಗಲಿ.

ಕೊನೆಗಾರನ ಮಗ (ತೀರ್ಥಹಳ್ಳಿ)

ಎಲ್ಲರೂ ಆಸ್ಪತ್ರೆ ದುಡ್ಡು ಹೇಳಿದಿರಿ. ದೊಡ್ಡಪ್ಪ ಹಟ ಹಿಡಿದಿದ್ದು ಕೊಯ್ಲಿಗೆ. ಅದನ್ನು ಬಿಡಿಸಿ ಮೊದಲು.

ಈ ವರ್ಷದ ಫಸಲನ್ನು ಚೇಣಿಗೆ ಕೊಡಿ, ಅಂದರೆ ಮರದಲ್ಲಿರುವಾಗಲೇ ಗುತ್ತಿಗೆಗೆ. ಚೇಣಿದಾರ ಮುಂಗಡ ಕೊಡುತ್ತಾನೆ, ಆ ದುಡ್ಡೇ ಓಡಾಟಕ್ಕೆ ಆಯಿತು. ಆದರೆ "ಮನೆಯಲ್ಲಿ ಕಾಯಿಲೆ, ಅರ್ಜೆಂಟು" ಅಂತ ಬಾಯಿ ಬಿಡಬೇಡಿ, ರೇಟು ಅಲ್ಲೇ ಬಿದ್ದು ಹೋಗುತ್ತದೆ. ಇಬ್ಬರು ಮೂವರನ್ನು ಕರೆದು ತೋಟ ತೋರಿಸಿ. ಹೋದ ವರ್ಷದ ಅಡಿಕೆ ಮನೆಯಲ್ಲಿ ಉಳಿದಿದ್ದರೆ ಅಡಿಕೆ ಮಾರಾಟದ ಸಹಕಾರ ಸಂಘ ಮಾಮ್ಕೋಸ್‌ನಲ್ಲಿ ಇಟ್ಟು ಮುಂಗಡ ತಗೊಳ್ಳಬಹುದು. ಬಡ್ಡಿ ಸಾಲಕ್ಕಿಂತ ಎಷ್ಟೋ ವಾಸಿ.

ಚೇಣಿ ಬೇಡ ಅಂದರೆ ಹೇಳಿ. ನಾನು, ನಮ್ಮ ಅಣ್ಣ ಬಂದು ಅಡಿಕೆ ಕೊನೆ ತೆಗೆದು ಕೊಡುತ್ತೇವೆ. ಸುಲಿಯುವವರನ್ನು ನೀವು ನೋಡಿಕೊಳ್ಳಿ.

ತುಂಗೆ ದಂಡೆ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ತೊಡೆಸಂದಿನ ಗಡ್ಡೆಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಆವತ್ತು ರಾತ್ರಿ ದೊಡ್ಡಮ್ಮ ಮೊದಲ ಸಲ ಸರಿಯಾಗಿ ಊಟ ಮಾಡಿದರು.

ಆಪರೇಷನ್ ಆಯಿತು. ಹುಣ್ಣಿನ ಸುತ್ತ ಎರಡು ಸೆಂಟಿಮೀಟರ್ ಒಳ್ಳೆ ಚರ್ಮವನ್ನೂ ಸೇರಿಸಿ ತೆಗೆದು, ತೊಡೆಯಿಂದ ತೆಳ್ಳಗೆ ಚರ್ಮ ಕೆರೆದು ಅಲ್ಲಿಗೆ ಹಚ್ಚಿದ್ದಾರೆ. ಐದು ದಿನ ಕಾಲು ಅಲ್ಲಾಡಿಸುವ ಹಾಗಿರಲಿಲ್ಲ. ಕಟ್ಟು ಬಿಚ್ಚಿದ ದಿನ ನಾನು ಪಕ್ಕದಲ್ಲಿದ್ದೆ. ಹಚ್ಚಿದ ಚರ್ಮ ತಿಳಿ ಗುಲಾಬಿ, ಬಲೆಯ ಹಾಗೆ ಸಣ್ಣ ಸಣ್ಣ ಕಣ್ಣು. "ಹಿಡಿದಿದೆ" ಅಂದರು ಡಾಕ್ಟರ್. ಕಾಲಿಗಿಂತ ತೊಡೆಯ ಗಾಯವೇ ಜಾಸ್ತಿ ಉರಿಯಂತೆ. ತೆಗೆದ ತುಂಡಿನ ಅಂಚಿನಲ್ಲಿ ಏನೂ ಉಳಿದಿಲ್ಲ ಅಂತ ರಿಪೋರ್ಟ್ ಬಂದಿದೆ. ಸದ್ಯಕ್ಕೆ ರೇಡಿಯೇಶನ್ ಬೇಡ, ಮೂರು ತಿಂಗಳಿಗೊಮ್ಮೆ ತೋರಿಸಬೇಕು.

ಎಪಿಎಲ್ ಆದರೂ ಆಸ್ಪತ್ರೆಯ ಖರ್ಚು ನಾವು ಹೆದರಿದಷ್ಟು ಆಗಲಿಲ್ಲ. ನಮ್ಮ ರೂಮು, ಆಟೋ, ಹೋಟೆಲ್ ಊಟ ಸೇರಿಸಿದರೆ ಅದೇ ಜಾಸ್ತಿ. ಒಂದು ಸಲ ಅವಸರದಲ್ಲಿ ಟ್ಯಾಕ್ಸಿ ಮಾಡಿ 9,000 ಕೊಟ್ಟೆವು. ರೈಲಿನ ನಮೂನೆ ಬರೆಸಿಕೊಂಡ ಮೇಲೆ ಆ ಖರ್ಚು ನಿಂತಿತು. ರಾತ್ರಿ ಗಾಡಿಯಣ್ಣ, ನಿಮಗೆ ದೊಡ್ಡಪ್ಪ ವಿಶೇಷವಾಗಿ ಹೇಳು ಅಂದಿದ್ದಾರೆ.

ಫಸಲು ಚೇಣಿಗೆ ಹೋಯಿತು. ವಾರ್ಡಿನಲ್ಲಿ ಮಲಗಿಕೊಂಡೇ ಫೋನಿನಲ್ಲಿ ಚೇಣಿದಾರನ ಜೊತೆ ಚೌಕಾಸಿ ಮಾಡಿದರು. ಪಕ್ಕದ ಮಂಚದ ಹಾವೇರಿಯವರು ಅದನ್ನು ಕೇಳಿ ಅಡಿಕೆಗೆ ಇಷ್ಟು ರೇಟಾ ಅಂತ ಎದ್ದು ಕೂತರು.

ಹಳೇ ಸಿಸ್ಟರ್ (ಭದ್ರಾವತಿ)

ಸಂತೋಷ ಆಯಿತು. ಹಚ್ಚಿದ ಚರ್ಮಕ್ಕೆ ದಿನಾ ಕೊಬ್ಬರಿ ಎಣ್ಣೆ ತೆಳ್ಳಗೆ ಹಚ್ಚಲು ಯಾವಾಗಿನಿಂದ ಶುರು ಮಾಡಬಹುದು ಅಂತ ಮುಂದಿನ ಸಲ ಕೇಳಿ, ಈಗಲೇ ಬೇಡ. ತೋಟಕ್ಕೆ ಇಳಿಯುವಾಗ ಉದ್ದ ಕಾಲುಚೀಲ, ಗಂಬೂಟು. ಆ ಜಾಗಕ್ಕೆ ಉಂಬಳ ಕಚ್ಚಿದರೂ ಗೊತ್ತಾಗುವುದಿಲ್ಲ, ಸ್ಪರ್ಶ ಇರುವುದಿಲ್ಲ.

ಬೋರ್ಡೋ ಬಕೆಟ್ (ಹೊಸನಗರ)

ನನ್ನ ಬೆನ್ನಿನಲ್ಲೂ ಒಂದು ಹಳೇ ಸುಟ್ಟ ಕಲೆ ಇದೆ, ಬಚ್ಚಲು ಒಲೆಯದ್ದು. ಗಾಯ ಏನಿಲ್ಲ, ಆಗಾಗ ತುರಿಸುತ್ತದೆ ಅಷ್ಟೇ. ಮೆಗ್ಗಾನ್‌ನಲ್ಲಿ ಚರ್ಮದ ಓಪಿಡಿ ಎಷ್ಟು ಗಂಟೆಗೆ?

ತುಂಗೆ ದಂಡೆ

ಒಂಬತ್ತಕ್ಕೆ ಮೊದಲೇ ಚೀಟಿ ಕ್ಯೂನಲ್ಲಿ ನಿಂತುಬಿಡಿ. ಗುರುವಾರ ನಾನು ರಿಪೋರ್ಟ್ ಜೆರಾಕ್ಸ್ ತರಲು ಅಲ್ಲಿಗೇ ಬರುತ್ತಿದ್ದೇನೆ, ಒಟ್ಟಿಗೆ ಹೋಗೋಣ.